ಉಚಿತ ಹೋಸ್ಟಿಂಗೋ, ಮುಂಬೈ ವಿಪಿಎಸ್ಸೋ?

ಮೊದಲೇ ಹೇಳಿಬಿಡುತ್ತೇನೆ, ಸಣ್ಣ ವೆಬ್ ಆ್ಯಪ್ ಇಡಲು ನನ್ನ ಓಟು ಸಣ್ಣ ವಿಪಿಎಸ್‌ಗೆ, ಅಂದರೆ ನಾವೇ ನೋಡಿಕೊಳ್ಳಬೇಕಾದ ಬಾಡಿಗೆ ವರ್ಚುವಲ್ ಸರ್ವರ್‌ಗೆ. ಉಚಿತ ಪ್ಲಾಟ್‌ಫಾರ್ಮ್ (ಕೋಡ್ ಕೊಟ್ಟರೆ ಅವರೇ ಓಡಿಸುವ ಸೇವೆ), ಶೇರ್ಡ್ ಹೋಸ್ಟಿಂಗ್ (ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುವುದು) ಎರಡನ್ನೂ ಬಳಸಿ ನೋಡಿ ಇಲ್ಲಿಗೆ ಬಂದೆ. ಆ್ಯಪ್ ದೊಡ್ಡದೇನಲ್ಲ. ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಉಡುಪಿ ಹೋಟೆಲಿಗೆ ಕೇಟರಿಂಗ್ ಆರ್ಡರ್ ಬರೆದಿಡುವ ಪುಟ. ಯಾರ ಮನೆ ಪೂಜೆ, ಎಷ್ಟು ಎಲೆ, ಮುಂಗಡ ಎಷ್ಟು ಬಂತು, ಅಷ್ಟೇ. ಬರೆದದ್ದು ಪೈಥಾನಿನ ವೆಬ್ ಫ್ರೇಮ್‌ವರ್ಕ್ ಜಾಂಗೋದಲ್ಲಿ, ಜೊತೆಗೆ ಡೇಟಾಬೇಸಿಗೆ ಪೋಸ್ಟ್‌ಗ್ರೆಸ್.

ಶುರು ಮಾಡಲು ಉಚಿತ ಪ್ಲಾಟ್‌ಫಾರ್ಮಿನಷ್ಟು ಸುಲಭ ಬೇರೆ ಇಲ್ಲ. ಗಿಟ್‌ಗೆ ಕೋಡ್ ಪುಶ್ ಮಾಡಿದರೆ ಮುಗಿಯಿತು. ತೊಂದರೆ ಅದರ ನಿದ್ದೆಯದು. 15 ನಿಮಿಷ ಯಾರೂ ಪುಟ ತೆರೆಯದಿದ್ದರೆ ಆ್ಯಪನ್ನು ಮಲಗಿಸುತ್ತಾರೆ. ಮತ್ತೆ ಯಾರಾದರೂ ತೆರೆದಾಗ ಕಂಟೇನರ್ (ಆ್ಯಪ್ ಓಡುವ ಡಬ್ಬಿ) ಏಳಬೇಕು, ಪೈಥಾನ್ ಏಳಬೇಕು, ಡೇಟಾಬೇಸಿಗೆ ಕನೆಕ್ಷನ್ ಆಗಬೇಕು. ಹೆಚ್ಚುಕಮ್ಮಿ ಒಂದು ನಿಮಿಷ.

ಊಟದ ಗಲಾಟೆ ಮುಗಿದ ಮೇಲೆ, ಮಧ್ಯಾಹ್ನ ಮೂರಕ್ಕೆ ಗಲ್ಲಾದಲ್ಲಿ ಕೂತು ಆರ್ಡರ್ ನೋಡುವುದು ಹೋಟೆಲ್ ಶೆಟ್ರ ಅಭ್ಯಾಸ. ಅಲ್ಲಿಯವರೆಗೆ ಯಾರೂ ಮುಟ್ಟದ ಆ್ಯಪ್ ಆ ಹೊತ್ತಿಗೆ ಗಾಢ ನಿದ್ದೆಯಲ್ಲಿರುತ್ತಿತ್ತು. "ಎಂತ ಮಾರಾಯ, ಬಿಳಿ ಸ್ಕ್ರೀನ್ ಬಿಟ್ಟು ಬೇರೆಂತದ್ದೂ ಬರುವುದಿಲ್ಲ" ಅಂತ ಫೋನ್. "ಒಂದು ನಿಮಿಷ ಕಾಯಿರಿ ಶೆಟ್ರೇ" ಅಂದರೆ, "ಗಿರಾಕಿ ಎದುರಿಗೇ ಇದ್ದಾರೆ, ನಾನು ಪುಸ್ತಕದಲ್ಲೇ ಬರೀತೇನೆ" ಅಂತ ಇಟ್ಟುಬಿಡುತ್ತಿದ್ದರು. ಆರ್ಡರೆಲ್ಲ ಪುಸ್ತಕಕ್ಕೇ ವಾಪಸ್ ಹೋದರೆ ನಾನು ಬರೆದ ಕೋಡ್ ದಂಡ ಅಲ್ವಾ?

ಪ್ರತಿ 10 ನಿಮಿಷಕ್ಕೆ ಪಿಂಗ್ ಮಾಡಿ, ಅಂದರೆ ಪುಟವನ್ನು ತಾನಾಗೇ ತೆರೆಸಿ, ಎಬ್ಬಿಸಿಡುವ ಉಪಾಯ ಎಲ್ಲರಿಗೂ ಗೊತ್ತು. ಲೆಕ್ಕ ಹಾಕಿ ನೋಡಿ. ನಾನಿದ್ದ ಕಡೆ ಉಚಿತ ಕೋಟಾ ತಿಂಗಳಿಗೆ 750 ಗಂಟೆ. 31 ದಿನದ ತಿಂಗಳಲ್ಲಿ ಇರುವುದೇ 744 ಗಂಟೆ. ಒಂದು ಆ್ಯಪಿಗೆ ಸರಿಹೋಯಿತು. ಟೆಸ್ಟಿಂಗಿಗೆಂದು ಅದೇ ಖಾತೆಯಲ್ಲಿ ಇನ್ನೊಂದನ್ನು ಎಬ್ಬಿಸಿಟ್ಟರೆ 16ನೇ ತಾರೀಕಿಗೆ ಕೋಟಾ ಖಾಲಿ, ಎರಡೂ ಬಂದ್. ಡಿಸ್ಕೂ ತಾತ್ಕಾಲಿಕ. ಆ್ಯಪ್ ಮಲಗಿ ಎದ್ದರೆ ಅಪ್‌ಲೋಡ್ ಮಾಡಿದ ಬಿಲ್ಲಿನ ಫೋಟೋ ಮಾಯ. ದುಡ್ಡು ಕೊಟ್ಟರೆ ನಿದ್ದೆ ಇಲ್ಲ, ನಿಜ. ಆದರೆ ಆ್ಯಪಿಗೆ ಬೇರೆ, ಡೇಟಾಬೇಸಿಗೆ ಬೇರೆ ದುಡ್ಡು. ಉಚಿತ ಎಂಬುದು ಕೊನೆವರೆಗೂ ಇರುತ್ತದೆ ಅಂತಲೂ ಇಲ್ಲ. ಹೆರೋಕು ಎಂಬ ಪ್ಲಾಟ್‌ಫಾರ್ಮ್ 2022ರ ನವೆಂಬರ್‌ನಲ್ಲಿ ತನ್ನ ಉಚಿತ ಪ್ಲಾನನ್ನು ತೆಗೆದೇ ಹಾಕಿತು.

ಶೇರ್ಡ್ ಹೋಸ್ಟಿಂಗ್ ಸಂಘ ಸಂಸ್ಥೆಗಳ ವರ್ಡ್‌ಪ್ರೆಸ್ ಸೈಟಿಗೆ ಸರಿ. ಅದರ ಕಂಟ್ರೋಲ್ ಪ್ಯಾನೆಲ್ ಆದ ಸಿಪ್ಯಾನೆಲ್‌ನಲ್ಲಿ ಜಾಂಗೋ ಓಡಿಸುವುದು ಸುಮ್ನೆ ತಲೆನೋವು. ಮೊದಲ ವರ್ಷದ ದರಕ್ಕೆ ಮರುಳಾಗಬೇಡಿ, ರಿನ್ಯೂವಲ್ ದರ ಓದಿ.

ಈಗ ನಾನಿರುವುದು ಅಮೆಜಾನಿನ ವಿಪಿಎಸ್ ಸೇವೆ ಲೈಟ್‌ಸೇಲ್‌ನಲ್ಲಿ, ಮುಂಬೈ ರೀಜನ್. 1 ಜಿಬಿ ರ‍್ಯಾಮಿನ ಪ್ಲಾನ್ 7 ಡಾಲರ್. ಜಿಎಸ್‌ಟಿ ಸೇರಿ ತಿಂಗಳಿಗೆ ಏಳುನೂರು ಚಿಲ್ಲರೆ ರೂಪಾಯಿ. ಬಿಲ್ಲು ರೂಪಾಯಿಯಲ್ಲೇ ಬರುತ್ತದೆ. ಇದು ಸಣ್ಣ ಮಾತಲ್ಲ. 2021ರ ಅಕ್ಟೋಬರ್‌ನಲ್ಲಿ ಆರ್‌ಬಿಐ ಆಟೋ ಡೆಬಿಟ್ ನಿಯಮ ಬಿಗಿ ಮಾಡಿದ ಮೇಲೆ ಡಾಲರ್ ಬಿಲ್ಲುಗಳು ನನ್ನ ಕಾರ್ಡಿನಲ್ಲಿ ಆಗಾಗ ಸಿಕ್ಕಿಹಾಕಿಕೊಳ್ಳುತ್ತಿದ್ದವು.

ಸರ್ವರ್ ಮುಂಬೈಯಲ್ಲಿದ್ದರೆ ವೇಗ ಜಾಸ್ತಿ ಅನ್ನುತ್ತಾರೆ. ಸರ್ವರ್ ಸಿಂಗಾಪುರದಲ್ಲಿದ್ದರೂ ಹೋಗಿ ಬರಲು ಸುಮಾರು 60 ಮಿಲಿಸೆಕೆಂಡ್. ಶೆಟ್ರಿಗೆ ಅದು ಗೊತ್ತೂ ಆಗುವುದಿಲ್ಲ.

ಮೈಮೇಲೆ ಬೀಳುವ ಕೆಲಸ ಇದೆ. ಉಬುಂಟು ಹಾಕಬೇಕು, ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ ಕೀ ಫೈಲಿನ ಲಾಗಿನ್ ಮಾತ್ರ ಇಡಬೇಕು, ಸೆಕ್ಯುರಿಟಿ ಅಪ್‌ಡೇಟ್ ತಾನಾಗೇ ಆಗುವಂತೆ ಮಾಡಬೇಕು, ರಾತ್ರಿ ಡೇಟಾಬೇಸ್ ಡಂಪ್ (ಪೂರ್ತಿ ನಕಲು) ತೆಗೆದು ಬೇರೆ ಕಡೆ ಕಳಿಸಬೇಕು. ಎಚ್‌ಟಿಟಿಪಿಎಸ್ ಸರ್ಟಿಫಿಕೇಟಿನ ಚಿಂತೆ ಮಾತ್ರ ಇಲ್ಲ, ಕ್ಯಾಡಿ ಎಂಬ ವೆಬ್ ಸರ್ವರ್ ತಾನೇ ತಂದು ತಾನೇ ನವೀಕರಿಸುತ್ತದೆ. ನನಗೆ ಟರ್ಮಿನಲ್ ಎದುರು ಕೂರುವುದು ಇಷ್ಟ, ಹಾಗಾಗಿ ಇದೆಲ್ಲ ಭಾರ ಅನಿಸಲಿಲ್ಲ. ನಿಮಗೆ ಅದು ಆಗದು ಅಂದರೆ, ಅಥವಾ ಇಂಟರ್‌ವ್ಯೂನಲ್ಲಿ ತೋರಿಸಲು ಒಂದು ಡೆಮೊ ಸಾಕು ಅಂದರೆ, ಉಚಿತವೇ ಇರಲಿ.

ಗಿರಾಕಿ ದುಡ್ಡು ಕೊಡುತ್ತಿದ್ದರೆ ವಿಪಿಎಸ್ ತಗೊಳ್ಳಿ, ಸಣ್ಣದನ್ನೇ ತಗೊಳ್ಳಿ. ಲೈಟ್‌ಸೇಲ್‌ನಲ್ಲಿ ಸ್ನ್ಯಾಪ್‌ಶಾಟ್ (ಸರ್ವರಿನ ಪೂರ್ತಿ ನಕಲು) ತೆಗೆದು ದೊಡ್ಡ ಪ್ಲಾನಿಗೆ ಹತ್ತಬಹುದು. ಅದೇ ಸ್ನ್ಯಾಪ್‌ಶಾಟಿನಿಂದ ಸಣ್ಣದಕ್ಕೆ ಇಳಿಯಲು ಬರುವುದಿಲ್ಲ.