14 ಹನಿ ಬೋರ್‌ವೆಲ್, 17 ಹನಿ ಟ್ಯಾಂಕರ್: ಎಪಿಐ ಕೆಎಚ್ ಕಿಟ್ ಜೊತೆ ಎಂಟು ತಿಂಗಳು

ನಮ್ಮ ಮನೆಯ ಅಕ್ವೇರಿಯಂ ಎರಡೂವರೆ ಅಡಿ ಉದ್ದದ್ದು, ಸುಮಾರು 100 ಲೀಟರ್ ಹಿಡಿಯುತ್ತದೆ. 12 ನಿಯಾನ್ ಟೆಟ್ರಾ ಇದ್ದವು, ಈಗ 9 ಇವೆ. ಉಳಿದ ಮೂರು ಹೋಗಿದ್ದು ನನ್ನ ಅತಿಬುದ್ಧಿಯಿಂದ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಟೆಟ್ರಾಗಳಿಗೆ ಪಿಎಚ್ (ನೀರು ಎಷ್ಟು ಆಮ್ಲೀಯ ಅನ್ನುವ ಅಳತೆ) 6.5 ಇದ್ದರೆ ಒಳ್ಳೆಯದು ಅಂತ ಎಲ್ಲೋ ಓದಿದ್ದೆ. ನಮ್ಮ ತೊಟ್ಟಿಯಲ್ಲಿ ಇದ್ದದ್ದು 8. ಅಂಗಡಿಯಲ್ಲಿ ಕೇಳಿದ್ದಕ್ಕೆ ಪಿಎಚ್ ಇಳಿಸುವ ಬಾಟಲಿ ಕೊಟ್ಟು, "ಒಂದು ಮುಚ್ಚಳ ಹಾಕಿ ಅಕ್ಕ, ಸರಿಹೋಗುತ್ತೆ" ಅಂದರು. ರಾತ್ರಿ ಹಾಕಿದೆ. ಮೀಟರ್ ಅದ್ದಿ ನೋಡಿದರೆ 7. ಖುಷಿಯಾಗಿ ಮಲಗಿದೆ. ಬೆಳಿಗ್ಗೆ ಹಾಲು ಒಲೆ ಮೇಲಿಟ್ಟು ಮತ್ತೆ ನೋಡಿದರೆ 7.8! ಇನ್ನೊಂದು ಮುಚ್ಚಳ. ಹೀಗೆ ಐದು ದಿನ ನಡೆಯಿತು. ಆರನೇ ದಿನ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಪಿಎಚ್‌ನಲ್ಲಿ ಒಂದು ಅಂಕ ಇಳಿದರೆ ಆಮ್ಲತೆ ಹತ್ತು ಪಟ್ಟು ಏರಿದ ಹಾಗೆ. ಪಾಪದ ಜೀವಗಳನ್ನು ನಾನು ದಿನಾ ಅಷ್ಟು ಎತ್ತಿ ಇಳಿಸುತ್ತಿದ್ದೆ.

ಆಗ ತರಿಸಿದ್ದು ಎಪಿಐ ಕಂಪನಿಯ ಜಿಎಚ್ (ನೀರಿನ ಗಡಸುತನ, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ) ಮತ್ತು ಕೆಎಚ್ (ಕಾರ್ಬೊನೇಟ್ ಅಂಶ) ಅಳೆಯುವ ಕಿಟ್. ಪುಟ್ಟ ಡಬ್ಬಿ. ಎರಡು ಸೀಸೆ, ಗಾಜಿನ ಟ್ಯೂಬು, ಒಂದು ಚೀಟಿ, ಅಷ್ಟೇ. ಪಿಎಚ್ ಅಳೆಯುವ ದ್ರಾವಣ ಇದರಲ್ಲಿ ಇಲ್ಲ, ಅದನ್ನು ನೋಡಿಕೊಂಡೇ ಕೊಳ್ಳಿ. ಟ್ಯೂಬಿನ ಗೆರೆವರೆಗೆ 5 ಎಂಎಲ್ ನೀರು ಹಾಕಿ, ಕೆಎಚ್ ಸೀಸೆಯಿಂದ ಒಂದೊಂದೇ ಹನಿ ಬಿಟ್ಟು ಅಲ್ಲಾಡಿಸಬೇಕು. ನೀರು ಮೊದಲು ನೀಲಿಯಾಗುತ್ತದೆ. ಎಷ್ಟನೇ ಹನಿಗೆ ಹಳದಿಗೆ ತಿರುಗಿತೋ ಅಷ್ಟು ಕೆಎಚ್. ಒಂದು ಹನಿ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ ಸುಮಾರು 17.9 ಮಿಲಿಗ್ರಾಂ. ಮೊದಲ ಸಲ ಎಣಿಸುತ್ತಾ ಹೋದೆ. ಎಂಟು, ಒಂಬತ್ತು, ಹತ್ತು... ಇನ್ನೂ ನೀಲಿ. ಕಿಟ್ಟೇ ಕೆಟ್ಟಿದೆಯೇನೋ ಅಂದುಕೊಂಡೆ. 13ಕ್ಕೆ ಸ್ವಲ್ಪ ಹಸಿರು ಛಾಯೆ, 14ಕ್ಕೆ ನಿಂಬೆಹಣ್ಣಿನ ಹಳದಿ.

ಬಾಟಲಿಯ ಆಟ ಅರ್ಥವಾಗಿದ್ದು ಅವತ್ತೇ. ಕೆಎಚ್ ಅಂದರೆ ನೀರಿನಲ್ಲಿರುವ ಕಾರ್ಬೊನೇಟ್, ಬೈಕಾರ್ಬೊನೇಟ್. ಆಮ್ಲ ಬಂದರೆ ಅದನ್ನು ತಿಂದುಹಾಕುವುದೇ ಅದರ ಕೆಲಸ. ತಿಂದಾಗ ಕಾರ್ಬನ್ ಡೈಆಕ್ಸೈಡ್ ಹೊರಡುತ್ತದೆ. ಅದು ನೀರಿನಲ್ಲಿ ಇರುವಷ್ಟು ಹೊತ್ತು ಪಿಎಚ್ ಕೆಳಗೆ, ಗಾಳಿಗೆ ಹಾರಿಹೋದಂತೆ ಮತ್ತೆ ಮೇಲೆ. 14 ಹನಿ ಕೆಎಚ್ ಇರುವ ನೀರಿನ ಜೊತೆ ಒಂದು ಮುಚ್ಚಳ ಆಮ್ಲ ಗುದ್ದಾಡಿದರೆ ಗೆಲ್ಲುವುದು ಯಾರು ಅಂತ ಹೇಳಬೇಕಿಲ್ಲ ಅಲ್ವಾ?

ಅದೇ ಡಬ್ಬಿಯ ಜಿಎಚ್ ಸೀಸೆ ಇನ್ನೊಂದು ಗುಟ್ಟು ಬಿಟ್ಟುಕೊಟ್ಟಿತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಾಫ್ಟನರ್ ಇದೆ. ಬಕೆಟ್ಟಿನಲ್ಲಿ ಬಿಳಿ ಕಲೆ ಕೂರಲ್ಲ, ಸೋಪು ಚೆನ್ನಾಗಿ ನೊರೆ ಬರುತ್ತದೆ, ಹಾಗಾಗಿ ನೀರು ಮೆದು ಅಂತ ನಂಬಿದ್ದೆ. ಜಿಎಚ್ 2 ಹನಿಗೇ ಕಿತ್ತಳೆಯಿಂದ ಹಸಿರಾಯಿತು, ಕೆಎಚ್ ಮಾತ್ರ ಅದೇ 14. ಸಾಫ್ಟನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಸೋಡಿಯಂ ಸೇರಿಸುತ್ತದೆ, ಕಾರ್ಬೊನೇಟ್ ತಂಟೆಗೆ ಹೋಗುವುದಿಲ್ಲ. ಈಗ ಮೀನಿಗೆ ಸಾಫ್ಟನರ್‌ಗಿಂತ ಮುಂಚಿನ ನಲ್ಲಿಯಿಂದಲೇ ಹಿಡಿಯುತ್ತೇನೆ.

ನಮ್ಮ ಅಪಾರ್ಟ್‌ಮೆಂಟಿನ ಸಂಪ್‌ಗೆ ಮೂರು ಕಡೆಯಿಂದ ನೀರು. ಬೋರ್ ಮಾತ್ರ ಇದ್ದರೆ ಕೆಎಚ್ 14, ಕಾವೇರಿ ಬಂದು ಬೆರೆತ ದಿನ 8, ಬೇಸಿಗೆಯಲ್ಲಿ ಟ್ಯಾಂಕರ್ ಬಂದರೆ 17. ನೀರು ಬದಲಿಸುವ ಮುಂಚೆ ಬಕೆಟ್ಟಿಗೆ ಟೆಸ್ಟ್ ಮಾಡುವುದು ಈಗ ಅಭ್ಯಾಸ. 14 ಇದ್ದರೆ ಅರ್ಧಕ್ಕರ್ಧ ಅಡುಗೆಮನೆಯ ಆರ್‌ಒ ನೀರು ಬೆರೆಸಿ 7ಕ್ಕೆ ತರುತ್ತೇನೆ. ನಮ್ಮ ಆರ್‌ಒ ನೀರು ಮೊದಲ ಹನಿಗೇ ಹಳದಿ, ಅದೊಂದನ್ನೇ ಸುರಿಯುವ ಹಾಗಿಲ್ಲ. ಕೆಎಚ್ ಇಲ್ಲದಿದ್ದರೆ ಪಿಎಚ್ ಹಿಡಿದು ನಿಲ್ಲಿಸುವವರೇ ಇಲ್ಲ. ವಾರಕ್ಕೆ 20 ಲೀಟರ್, ಅದಕ್ಕಿಂತ ಜಾಸ್ತಿ ಇಲ್ಲ. ಎರಡು ತಿಂಗಳಲ್ಲಿ ತೊಟ್ಟಿ ನಿಧಾನಕ್ಕೆ 8 ಹನಿಗೆ ಇಳಿಯಿತು. ಪಿಎಚ್ ತಾನಾಗಿಯೇ 7.5ರ ಹತ್ತಿರ ನಿಂತಿದೆ. 6.5ರ ಆಸೆ ಬಿಟ್ಟಿದ್ದೇನೆ. ಅಂಗಡಿಗೆ ಬರುವ ನಿಯಾನ್‌ಗಳಲ್ಲಿ ಹೆಚ್ಚಿನವು ಫಾರಂನಲ್ಲಿ ಬೆಳೆದವು, ಇಷ್ಟಕ್ಕೆ ಹೊಂದಿಕೊಳ್ಳುತ್ತವೆ.

ಟ್ಯೂಬ್‌ಲೈಟ್ ಕೆಳಗೆ ಮೊದಲ ಒಂದೆರಡು ಹನಿಯ ಬಣ್ಣ ಸರಿಯಾಗಿ ಗೊತ್ತಾಗಲ್ಲ. ಬಿಳಿ ಹಾಳೆ ಹಿಂದಿಟ್ಟು ಕಿಟಕಿ ಹತ್ತಿರ ನೋಡಿ. ಅರ್ಧ ಅಂಕದ ಲೆಕ್ಕ ಬೇಕಿದ್ದರೆ 10 ಎಂಎಲ್ ನೀರು ತೆಗೆದುಕೊಂಡು ಹನಿಗಳನ್ನು ಎರಡರಿಂದ ಭಾಗಿಸಿ. ಕೆಎಚ್ ಜಾಸ್ತಿ ಇರುವ ಊರಲ್ಲಿ ಸೀಸೆ ಬೇಗ ಖಾಲಿಯಾಗುತ್ತದೆ. ಒಂದೊಂದು ಸಲಕ್ಕೆ 14 ಹನಿ ಅಂದರೆ ಸುಮ್ನೆನಾ?

ದಸರಾಕ್ಕೆ ತೀರ್ಥಹಳ್ಳಿಯ ಅಣ್ಣನ ಮನೆಗೆ ಇದನ್ನೇ ಒಯ್ದಿದ್ದೆ. ಅಲ್ಲಿನ ಬಾವಿ ನೀರು ಎರಡೇ ಹನಿ! ಅವನ ತೊಟ್ಟಿಯಲ್ಲಿ ಅದೂ ಇಲ್ಲ, ಮೊದಲ ಹನಿಗೇ ಹಳದಿ. ಮೀನಿನ ಗಲೀಜನ್ನು ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುವಾಗ ಕೆಎಚ್ ಕರಗುತ್ತಾ ಹೋಗುತ್ತದೆ, ಅವನು ತಿಂಗಳುಗಟ್ಟಲೆ ನೀರು ಬದಲಿಸಿರಲಿಲ್ಲ. ಮಕ್ಕಳು ಮರವಂತೆಯಿಂದ ಆರಿಸಿ ತಂದಿದ್ದ ಕಪ್ಪೆಚಿಪ್ಪು ಮನೆಯಲ್ಲೇ ಇತ್ತು. ಚೆನ್ನಾಗಿ ತೊಳೆದು ಕುದಿಸಿ, ಒಂದು ಹಿಡಿ ಪುಡಿಮಾಡಿ, ಹಳೇ ಕಾಲುಚೀಲದಲ್ಲಿ ಕಟ್ಟಿ ಫಿಲ್ಟರ್ ಒಳಗೆ ಇಟ್ಟೆವು. ಮೂರು ವಾರ ಬಿಟ್ಟು ಅಣ್ಣ ಫೋನ್ ಮಾಡಿದ: "ನಾಲ್ಕು ಹನಿ ಕಣೇ." ಕಿಟ್ ಇನ್ನೂ ಅವನ ಹತ್ತಿರವೇ ಇದೆ. ನಾನು ಇನ್ನೊಂದು ತರಿಸಿಕೊಂಡೆ.