ಗಮೇ ದ್ರಾಕ್ಷಿಯ ಕೆಂಪು ವೈನ್: ಬೊಜೊಲೆಯ ಬಾಟಲಿಗಳ ರುಚಿ ಹೋಲಿಕೆ

ಗಮೇ ವೈನ್ ನೀರುನೀರು, ಬರೀ ಹುಳಿ ಎಂದು ಬದಿಗಿಡುವವರಲ್ಲಿ ಬಹಳ ಮಂದಿ ಅದನ್ನು ಬೆಚ್ಚಗೆ ಕುಡಿದವರು. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲೇ ಕುಡಿಯಬೇಕು ಎಂಬ ಮಾತು ಹುಟ್ಟಿದ್ದು ಯುರೋಪಿನ ಹಳೆಯ ತಣ್ಣನೆಯ ಮನೆಗಳಲ್ಲಿ. ಮಾರ್ಚ್ ತಿಂಗಳ ಬೆಂಗಳೂರಿನಲ್ಲಿ ಕೋಣೆ ಎಂದರೆ 28 ಡಿಗ್ರಿ. ಆ ಬಿಸಿಗೆ ಗಮೇ ಗ್ಲಾಸಿನಿಂದ ಮೊದಲು ಮೂಗಿಗೆ ಹೊಡೆಯುವುದು ಆಲ್ಕೋಹಾಲ್. ಹಣ್ಣಿನ ಘಮ ಅದರಡಿ ಹೂತುಹೋಗುತ್ತದೆ. ಅದೇ ಬಾಟಲಿಯನ್ನು 13 ಡಿಗ್ರಿಗೆ ಇಳಿಸಿ ನೋಡಿ, ಚೆರ್ರಿ, ರಾಸ್ಪ್‌ಬೆರ್ರಿ, ಹೂವು ಎಲ್ಲ ಬಿಡಿಬಿಡಿಯಾಗಿ ಸಿಗುತ್ತವೆ.

ಹಾಗಾಗಿ ಹೋಲಿಕೆಗೆ ಕೂರುವ ಮೊದಲು ತಂಪಿನ ಲೆಕ್ಕ. ಫ್ರಿಜ್ಜಿನಲ್ಲಾದರೆ ಸುಮಾರು ಒಂದೂವರೆಯಿಂದ ಎರಡು ಗಂಟೆ. ಅವಸರವಿದ್ದರೆ ಐಸು, ನೀರು ಅರ್ಧರ್ಧ ತುಂಬಿದ ಬಕೆಟ್ಟಿನಲ್ಲಿ ಕತ್ತಿನವರೆಗೆ ಮುಳುಗಿಸಿ ಹದಿನೈದು ನಿಮಿಷ. ಬರೀ ಐಸಿನಲ್ಲಿ ನಿಲ್ಲಿಸಿದರೆ ಬೇಗ ತಣಿಯುವುದಿಲ್ಲ, ಗಾಜಿಗೆ ಸುತ್ತಲೂ ತಾಗಲು ನೀರು ಬೇಕು. ಹಗುರ ವೈನಿಗೆ 12ರಿಂದ 13, ಗಟ್ಟಿ ಕ್ರೂಗಳಿಗೆ, ಅಂದರೆ ಬೊಜೊಲೆಯ ಮೇಲ್ದರ್ಜೆಯ ಜಾಗಗಳ ವೈನಿಗೆ, 15 ಡಿಗ್ರಿ ಸರಿ. ಗ್ಲಾಸಿಗೆ 50 ಮಿಲಿಗಿಂತ ಹೆಚ್ಚು ಬೇಡ. ಬಾಟಲಿಗಳಿಗೆ ಕಾಗದ ಸುತ್ತಿ ಅಂಕಿ ಹಾಕಿ. ಹೆಸರು ಕಂಡರೆ ನಾಲಿಗೆ ಹೆಸರನ್ನೇ ಸವಿಯುತ್ತದೆ. ನಡುನಡುವೆ ಸಪ್ಪೆ ಬ್ರೆಡ್ಡು, ನೀರು. ಚೀಸ್ ಆಮೇಲೆ, ಅದು ಒಗರನ್ನು ಮುಚ್ಚಿಬಿಡುತ್ತದೆ.

ಗಮೇಯ ನಿಜವಾದ ಮನೆ ಫ್ರಾನ್ಸಿನ ಬೊಜೊಲೆ, ಲಿಯೋ ನಗರದ ಉತ್ತರಕ್ಕಿರುವ ಗುಡ್ಡಗಾಡು. 1395ರಲ್ಲಿ ಅದರ ಉತ್ತರದ ಬರ್ಗಂಡಿ ಪ್ರಾಂತ್ಯದ ದೊರೆ ಫಿಲಿಪ್ ಈ ಬಳ್ಳಿಯನ್ನು ಕಿತ್ತುಹಾಕಿ ಎಂದು ಆಜ್ಞೆ ಹೊರಡಿಸಿದ್ದ. ಬರ್ಗಂಡಿಯ ಸುಣ್ಣಕಲ್ಲಿನ ನೆಲದಲ್ಲಿ ಪಿನೋ ನ್ವಾರ್ ಎಂಬ ದ್ರಾಕ್ಷಿ ಗೆದ್ದಿತು. ದಕ್ಷಿಣದ ಗ್ರಾನೈಟ್ ಗುಡ್ಡಗಳಲ್ಲಿ ಗಮೇ ತನ್ನ ಜಾಗ ಕಂಡುಕೊಂಡಿತು. ಇಲ್ಲಿನ ವೈನಿಗೆ ಮೂರು ಮೆಟ್ಟಿಲು: ಬರೀ ಬೊಜೊಲೆ, ಬೊಜೊಲೆ-ವಿಲಾಜ್, ಅದರ ಮೇಲೆ ಹತ್ತು ಕ್ರೂಗಳು. ಕ್ರೂ ಬಾಟಲಿಯ ಲೇಬಲ್ಲಿನಲ್ಲಿ ಆ ಜಾಗದ ಹೆಸರೇ ದೊಡ್ಡದಾಗಿರುತ್ತದೆ, ಬೊಜೊಲೆ ಎಂಬ ಮಾತು ಎಷ್ಟೋ ಸಲ ಇರುವುದೇ ಇಲ್ಲ. ಅಂಗಡಿಯಲ್ಲಿ ಹುಡುಕುವವರು ಇದನ್ನು ನೆನಪಿಟ್ಟರೆ ಸಾಕು.

ಊರಿನಷ್ಟೇ ಮುಖ್ಯವಾದದ್ದು ತಯಾರಿಯ ರೀತಿ. ಇಲ್ಲಿ ಸಾಮಾನ್ಯವಾಗಿ ದ್ರಾಕ್ಷಿಯನ್ನು ಜಜ್ಜದೆ, ಗೊನೆಗೊನೆಯಾಗಿಯೇ ತೊಟ್ಟಿಗೆ ತುಂಬುತ್ತಾರೆ. ತಳದ ಹಣ್ಣು ಭಾರಕ್ಕೆ ಒಡೆದು ಹುದುಗಲು ಶುರುವಾಗುತ್ತದೆ, ಅದರಿಂದ ಎದ್ದ ಇಂಗಾಲದ ಡೈಆಕ್ಸೈಡ್ ಇಡೀ ತೊಟ್ಟಿಯನ್ನು ತುಂಬುತ್ತದೆ. ಗಾಳಿಯಿಲ್ಲದ ಅಲ್ಲಿ ಮೇಲಿನ ಇಡೀ ಹಣ್ಣುಗಳ ಒಳಗೇ, ಯೀಸ್ಟಿನ ಹಂಗಿಲ್ಲದೆ, ಸ್ವಲ್ಪ ಸಕ್ಕರೆ ಆಲ್ಕೋಹಾಲ್ ಆಗುತ್ತದೆ. ಮ್ಯಾಲಿಕ್ ಆಮ್ಲ ತಗ್ಗುತ್ತದೆ. ಹಣ್ಣಿನ ಪರಿಮಳ ಹುಟ್ಟುತ್ತದೆ. ಸಿಪ್ಪೆ, ಬೀಜ ಜಜ್ಜದ ಕಾರಣ ಒಗರು ಕಡಿಮೆ. ನವೆಂಬರಿನ ಮೂರನೇ ಗುರುವಾರ ಮಾರಾಟಕ್ಕೆ ಬರುವ ನೂವೋ, ಅಂದರೆ ಆ ವರ್ಷದ ಹೊಸ ವೈನನ್ನು ತೊಟ್ಟಿಯಲ್ಲಿ ಇಡುವುದು ನಾಲ್ಕೈದು ದಿನ ಮಾತ್ರ. ಕ್ರೂಗಳನ್ನು ಹತ್ತರಿಂದ ಇಪ್ಪತ್ತು ದಿನ ಬಿಡುವುದುಂಟು. ನೂವೋದಲ್ಲಿ ಬರುವ ಬಾಳೆಹಣ್ಣಿನ ವಾಸನೆ ಐಸೋಅಮೈಲ್ ಅಸಿಟೇಟ್ ಎಂಬ ಸಂಯುಕ್ತದ್ದು, ಕೆಲವು ಯೀಸ್ಟುಗಳು ಅದನ್ನು ಮತ್ತೂ ಹೆಚ್ಚಿಸುತ್ತವೆ. ಅದನ್ನೇ ಗಮೇಯ ಗುಣ ಎಂದುಕೊಂಡರೆ ದ್ರಾಕ್ಷಿಗೆ ಅನ್ಯಾಯ.

ಇನ್ನು ಗ್ಲಾಸಿಗೆ. ಜಾರ್ಜ್ ದುಬಫ್ ಹೆಸರಿನ ಬೊಜೊಲೆ-ವಿಲಾಜ್ ಅಡ್ಡಾಡಲು ಒಳ್ಳೆಯ ಮೊದಲ ಬೀದಿ: ತಿಳಿ ಕೆನ್ನೇರಳೆ ಬಣ್ಣ, ಸ್ಟ್ರಾಬೆರ್ರಿ, ಒಗರು ಹೆಸರಿಗೆ ಮಾತ್ರ. ತಣ್ಣಗೆ ಕುಡಿದು ಮುಗಿಸುವ ವೈನ್, ಕೂಡಿಡುವುದು ಬೇಡ.

ಫ್ಲೆರಿ ಹೂವಿನ ಘಮಕ್ಕೆ ಹೆಸರಾದ ಕ್ರೂ. ಆದರೆ ಕ್ಲೋ ದ ಲಾ ರ್ವಾಲೆತ್ ತೋಟದ ಫ್ಲೆರಿಯಲ್ಲಿ ಆ ಮೃದುತನವನ್ನು ಹುಡುಕಬೇಡಿ. ಆ ತೋಟವಿರುವುದು ಪಕ್ಕದ ಕ್ರೂ ಮೂಲಾಂ-ಆ-ವಾಂ ಗಡಿಯಲ್ಲಿ. ನೆಲದಲ್ಲಿ ಜೇಡಿಮಣ್ಣು, ಮ್ಯಾಂಗನೀಸ್. ವೈನ್ ಗಾಢ, ಎಳೆಯದರಲ್ಲಿ ಬಿಗಿ, ನಾಲ್ಕೈದು ವರ್ಷಕ್ಕೆ ಅರಳುತ್ತದೆ. ಕಾಗದ ಸುತ್ತಿ ಕೊಟ್ಟರೆ ಇದನ್ನು ಮೂಲಾಂ-ಆ-ವಾಂ ಎಂದುಕೊಳ್ಳುವುದು ಸುಲಭ.

ಮೊರ್ಗೊ ಎಂಬ ಕ್ರೂ ಒಂದೇ ಹೆಸರಿನಲ್ಲಿ ಎರಡು ಮುಖ ತೋರಿಸುತ್ತದೆ. ಮಾರ್ಸೆಲ್ ಲಪಿಯೆರ್ ಅವರ ಮನೆಯ ಮೊರ್ಗೊ ಗ್ಲಾಸಿನಲ್ಲಿ ತಿರುಗಿಸಿದಷ್ಟೂ ಬದಲಾಗುತ್ತದೆ: ಮೊದಲು ತಾಜಾ ರಾಸ್ಪ್‌ಬೆರ್ರಿ, ಐದು ನಿಮಿಷಕ್ಕೆ ಗುಲಾಬಿ, ಆಮೇಲೆ ಕಾಳುಮೆಣಸಿನ ಸಣ್ಣ ಖಾರ, ನುಂಗಿದ ಮೇಲೆ ನಾಲಿಗೆಯ ಬದಿಗಳಲ್ಲಿ ಹುಳಿ ನಿಂತು ಮತ್ತೆ ಬಾಯಲ್ಲಿ ನೀರೂರುತ್ತದೆ. ರಸಾಯನಶಾಸ್ತ್ರ ಬಲ್ಲ ವೈನ್ ವ್ಯಾಪಾರಿ ಜೂಲ್ ಶೋವೆ ಅವರ ದಾರಿಯಲ್ಲಿ ನಡೆದ ಲಪಿಯೆರ್, ವೈನ್ ಕೆಡದಂತೆ ಹಾಕುವ ಗಂಧಕವನ್ನು ಅತಿ ಕಡಿಮೆ ಮಾಡಿದವರು; 2010ರಲ್ಲಿ ಅವರು ತೀರಿಕೊಂಡ ಮೇಲೂ ಮಕ್ಕಳು ಅದೇ ಕ್ರಮ ಬಿಟ್ಟಿಲ್ಲ. ಜ್ಯಾಂ ಫ್ವಾಯಾರ್ ಅವರ ಕೋತ್ ದ್ಯು ಪಿ ಇನ್ನೊಂದು ಮುಖ. ಪುಡಿಯಾದ ಕಲ್ಲಿನ ಆ ಗುಡ್ಡದ ವೈನಿನಲ್ಲಿ ಕಪ್ಪು ಚೆರ್ರಿ, ಮಣ್ಣು, ಉದ್ದನೆಯ ಹಿಂರುಚಿ. ಮೊರ್ಗೊ ಹೀಗೇ ಇರುತ್ತದೆ ಎಂದು ಹೇಳುವವರಿಗೆ ಈ ಎರಡನ್ನೂ ಜೊತೆಯಾಗಿ ಸುರಿದುಕೊಡಬೇಕು.

ಮೂಲಾಂ-ಆ-ವಾಂ ಗಟ್ಟಿಯಾದದ್ದು. ಶಾತೋ ದೆ ಜಾಕ್ ತೋಟ 1996ರಿಂದ ಬರ್ಗಂಡಿಯ ಲೂಯಿ ಜಾದೋ ಸಂಸ್ಥೆಯ ಕೈಯಲ್ಲಿದೆ; ಇಲ್ಲಿ ಹಣ್ಣನ್ನು ತೊಟ್ಟಿನಿಂದ ಬಿಡಿಸಿ, ಹೆಚ್ಚು ದಿನ ಸಿಪ್ಪೆಯೊಂದಿಗೆ ಬಿಟ್ಟು, ಓಕ್ ಪೀಪಾಯಿಯಲ್ಲಿ ಇಡುತ್ತಾರೆ. ಎಳೆಯದನ್ನು ತೆರೆದರೆ ಓಕು, ಒಗರು ಮುಂದೆ ನಿಂತು ಹಣ್ಣು ಹಿಂದೆ ಸರಿಯುತ್ತದೆ. ಹತ್ತು ವರ್ಷ ತಾಳುವ ಶಕ್ತಿಯಿದೆ, ಆಗ ಪಿನೋ ನ್ವಾರ್ ನೆನಪಿಸುತ್ತದೆ. ಕಾಯಲಾಗದವರು ಇದಕ್ಕೆ ಹಣ ಹಾಕುವುದು ಬೇಡ.

ಒಂದೇ ಬಾಟಲಿ ಕೊಳ್ಳುವುದಾದರೆ ನನ್ನ ಓಟು ಶಾತೋ ತಿವಾಂ ಮಾಡುವ ಕೋತ್ ದ ಬ್ರುಯಿ ಕ್ರೂಗೆ. ಬ್ರುಯಿ ಬೆಟ್ಟದ ಇಳಿಜಾರಿನ ನೀಲಿ ಕಲ್ಲಿನ ನೆಲ, 1877ರಿಂದ ಒಂದೇ ಕುಟುಂಬದ ಒಡೆತನ. ನೇರಳೆ ಹೂವಿನ ಘಮ, ಗಟ್ಟಿ ಹಣ್ಣು, ಸ್ವಚ್ಛ ಹುಳಿ. ಒಗರು ಅಂಗುಳಿಗೆ ತಾಗಿ ತಾಗದ ಹಾಗೆ. ಈಗಲೂ ಕುಡಿಯಬಹುದು, ಐದು ವರ್ಷ ಇಡಲೂಬಹುದು.

ಕೊಳ್ಳುವಾಗ ವರ್ಷವನ್ನೂ ಆಲ್ಕೋಹಾಲಿನ ಅಂಕಿಯನ್ನೂ ಓದಿ. 2015, 2018, 2020 ಬಿಸಿಲು ಹೆಚ್ಚಿದ್ದ ವರ್ಷಗಳು. ಲೇಬಲ್ಲಿನಲ್ಲಿ 14 ದಾಟಿದ್ದರೆ ಹಣ್ಣು ಜಾಮಿನ ಕಡೆ ವಾಲಿರುತ್ತದೆ. 2021 ತಂಪು ವರ್ಷ, ವೈನ್ ತೆಳು ಆದರೆ ಚುರುಕು. 12.5ರಿಂದ 13.5ರ ನಡುವಿನದು ತಂಪಾಗಿ ಕುಡಿಯಲು ಹೆಚ್ಚು ಹಿತ.

ಕೆಡುವುದೂ ಉಂಟು. ಗಂಧಕ ಹಾಕದ ಬಾಟಲಿ 14 ಡಿಗ್ರಿ ಮೀರಿದ ಕಡೆ ತಿಂಗಳುಗಟ್ಟಲೆ ಇದ್ದರೆ ಬ್ಯಾಕ್ಟೀರಿಯಾ ಎಚ್ಚೆತ್ತುಕೊಳ್ಳುತ್ತದೆ. ಇಲಿಯ ವಾಸನೆಯ ದೋಷ ಮೂಗಿಗೆ ಸಿಗುವುದಿಲ್ಲ. ನುಂಗಿ ಹತ್ತು ಸೆಕೆಂಡ್ ಆದ ಮೇಲೆ ಗಂಟಲ ಹಿಂದೆ ಬರುತ್ತದೆ, ಅದಕ್ಕೆ ಪರಿಹಾರವಿಲ್ಲ. ಬೆಂಕಿಕಡ್ಡಿ ಅಥವಾ ಬೇಯಿಸಿದ ಮೊಟ್ಟೆಯ ವಾಸನೆ ಬೇರೆ ವಿಷಯ. ಜಗ್ಗಿಗೆ ರಭಸವಾಗಿ ಸುರಿದು ಅರ್ಧ ಗಂಟೆ ಬಿಟ್ಟರೆ ಎಷ್ಟೋ ಸಲ ಹೋಗುತ್ತದೆ. ನೇಲ್ ಪಾಲಿಶಿನ ಘಾಟು ಇದ್ದರೆ ಅಂಗಡಿಗೆ ವಾಪಸು ಒಯ್ಯಿರಿ. ನಮ್ಮ ಊರುಗಳಲ್ಲಿ ಎಸಿ ಇಲ್ಲದ ಅಂಗಡಿಯ ಗಾಜಿನ ಕಪಾಟಿನಲ್ಲಿ, ಬಿಸಿಲಿಗೆ ಮುಖ ಮಾಡಿ ನಿಂತ ಬಾಟಲಿಯನ್ನು ಮುಟ್ಟಲೇಬೇಡಿ. ಬಿರಡೆ ಕತ್ತಿನಿಂದ ಮೇಲೆದ್ದಿದ್ದರೆ ಒಳಗೆ ವೈನ್ ಕುದಿದಂತೆಯೇ ಲೆಕ್ಕ.

ಊಟಕ್ಕೆ ಲಿಯೋದವರು ಇದನ್ನು ಹಂದಿಮಾಂಸದ ಸಾಸೇಜಿನೊಂದಿಗೆ ಕುಡಿಯುತ್ತಾರೆ. ಕೊಡಗಿನ ಪಂದಿ ಕರಿಗೂ ಇದು ಹೊಂದುತ್ತದೆ: ಒಗರು ಹೆಚ್ಚಿರುವ ಕ್ಯಾಬರ್ನೆಯಂಥ ವೈನು ಮೆಣಸಿನ ಖಾರವನ್ನು ಬಾಯಲ್ಲಿ ಕೆರಳಿಸುತ್ತದೆ, ತಂಪು ಗಮೇ ಹಾಗೆ ಮಾಡುವುದಿಲ್ಲ, ಅದರ ಹುಳಿ ಕರಿಗೆ ಹಾಕುವ ಕಾಚಂಪುಳಿಯ ಹುಳಿಯ ಪಕ್ಕ ನಿಲ್ಲುತ್ತದೆ. ಓಕು ಇರುವ ಬಾಟಲಿಯನ್ನು ಮಾತ್ರ ಆ ಊಟಕ್ಕೆ ತೆರೆಯಬೇಡಿ.

ಉಳಿದದ್ದಕ್ಕೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿ ನಿಲ್ಲಿಸಿಡಿ. ವಿಲಾಜ್ ಮರುದಿನಕ್ಕೇ ಸಪ್ಪೆಯಾಗುತ್ತದೆ. ಮೂಲಾಂ-ಆ-ವಾಂ ಮರುದಿನ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ, ಮೂರನೇ ದಿನದವರೆಗೂ ಕುಡಿಯಬಹುದು.