ಕೆಂಚ ಕಿತ್ತ ಹುಲ್ಲಿಗೆ ತೇಪೆ: ಟೇಪು, ಅಂಟು, ಹೊಸ ರೋಲು

ನಮ್ಮ ನಾಯಿ ಕೆಂಚ ಅಂಗಳದ ಪ್ಲಾಸ್ಟಿಕ್ ಹುಲ್ಲು ಕಿತ್ತುಹಾಕಿದ. ಸರಿಮಾಡೋಕೆ ಮೂರು ದಾರಿ: ಟೇಪು, ಅಂಟು, ಇಲ್ಲಾ ಪೂರ್ತಿ ಹೊಸದು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅಂಟಿಗೆ. ಅದೂ ಅಂಗಡಿಯಿಂದ ತಂದ ಹೊಸ ತುಂಡಿಗಲ್ಲ, ನಮ್ಮ ಅಂಗಳದ ಮೂಲೆಯಿಂದಲೇ ಕತ್ತರಿಸಿ ತೆಗೆದ ತುಂಡಿಗೆ. ಟೇಪಿಗೆ ದುಡ್ಡು ಹಾಕಿ ಕಳೆದುಕೊಂಡಿದ್ದಾಗಿದೆ, ಪೂರ್ತಿ ಹೊಸದು ಹಾಸಿಸೋಕೆ ರೇಟು ಕೇಳಿ ಸುಮ್ಮನಾಗಿದ್ದೂ ಆಗಿದೆ.

ನಮ್ಮದು ಬೆಂಗಳೂರಿನ 30-40 ಸೈಟು. ಕಾರು ನಿಲ್ಲಿಸೋ ಜಾಗ ಬಿಟ್ಟು ಮುಂದೆ ಉಳಿದದ್ದು 10 ಅಡಿಗೆ 12 ಅಡಿ ಸಿಮೆಂಟ್ ನೆಲ. ಅದರ ಮೇಲೆ 35 ಎಂಎಂ ಎತ್ತರದ ಎಳೆಗಳಿರೋ ಪ್ಲಾಸ್ಟಿಕ್ ಹುಲ್ಲು ಹಾಸಿಸಿದ್ದೆವು. ಇಲ್ಲಿ ಸಾಮಾನ್ಯವಾಗಿ ಸಿಗುವ ರೋಲು 2 ಮೀಟರ್ ಅಗಲ, ಅಂದರೆ ಆರೂವರೆ ಅಡಿ. ಹಾಗಾಗಿ ಮಧ್ಯದಲ್ಲಿ ಒಂದು ಜಾಯಿಂಟು ಬಂತು. ಕೆಂಚ ಬೀದಿಯಿಂದ ಬಂದ ನಾಯಿ, ಮಲಗೋ ಮೊದಲು ನಾಲ್ಕು ಸುತ್ತು ಸುತ್ತಿ ನೆಲ ಕೆರೆಯದೆ ಇದ್ದರೆ ಅವನಿಗೆ ನಿದ್ದೆ ಬರಲ್ಲ. ಕೆರೆಯೋಕೆ ಅವನು ಆರಿಸಿಕೊಂಡಿದ್ದು ಆ ಜಾಯಿಂಟನ್ನೇ. ಎರಡು ವರ್ಷಕ್ಕೆ ಅಂಚು ಎದ್ದು, ಪಕ್ಕದಲ್ಲಿ ಒಂದಡಿ ಜಾಗ ಬೋಳಾಯಿತು.

ಮೊದಲು ತಂದಿದ್ದು ಕಾಗದ ಕಿತ್ತು ಅಂಟಿಸುವ ಜಾಯಿಂಟ್ ಟೇಪು. ಹಾಕೋದು ಹತ್ತು ನಿಮಿಷದ ಕೆಲಸ. ಆದರೆ ನಾವು ದಿನಾ ಬೆಳಗ್ಗೆ ಪೈಪು ಹಿಡಿದು ತೊಳೆಯುತ್ತೇವೆ, ಕೆಂಚ ಕಾಲೆತ್ತುವ ಮನೆಯಲ್ಲಿ ತೊಳೆಯದೆ ಆಗಲ್ಲ ಅಲ್ವಾ. ಹುಲ್ಲಿನ ಬೆನ್ನು, ಅಂದರೆ ಅಡಿಭಾಗ, ಹೊಲಿಗೆಯಿಂದ ಉಬ್ಬುತಗ್ಗು, ಟೇಪು ಅದಕ್ಕೆ ಅಲ್ಲಲ್ಲಿ ಮಾತ್ರ ಕಚ್ಚಿಕೊಳ್ಳುತ್ತದೆ. ಒಳಗೆ ನೀರು ಹೋಯಿತು, ಧೂಳು ಹೋಯಿತು, ಮೂರನೇ ವಾರಕ್ಕೆ ಕೆಂಚ ಅದನ್ನು ಬಾಯಲ್ಲಿ ಕಚ್ಚಿಕೊಂಡು ಗೇಟಿನ ತನಕ ಎಳೆದುಕೊಂಡು ಹೋದ. ನಾಯಿ ಇಲ್ಲದ ಬಾಲ್ಕನಿಗೆ ಟೇಪು ಸಾಕು.

ಪೂರ್ತಿ ಹೊಸದು ಹಾಕಿಸೋಕೆ ಕೇಳಿದ್ದು 11,000, ಹಳೆಯದು ಕಿತ್ತು ಸಾಗಿಸೋದೂ ಸೇರಿ. ಒಂದಡಿ ತೂತಿಗೆ!

ಉಳಿದದ್ದು ಅಂಟು. ಬಡಗಿಗಳು ಸನ್ಮೈಕಾ ಅಂಟಿಸೋಕೆ ಬಳಸ್ತಾರಲ್ಲ, ಅದೇ ರಬ್ಬರ್ ಅಂಟು. ತುಂಡಿನ ಬೆನ್ನಿಗೂ ಕೆಳಗಿನ ನೆಲಕ್ಕೂ ತೆಳ್ಳಗೆ ಸವರಿ, ಹತ್ತು ಹದಿನೈದು ನಿಮಿಷ ಬಿಟ್ಟು, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಒತ್ತಿದ ತಕ್ಷಣ ಹಿಡಿಯುತ್ತದೆ. ಸರಿಸಿ ನೋಡೋಣ, ತಿರುಗಿಸಿ ನೋಡೋಣ ಅನ್ನೋದಕ್ಕೆ ಅವಕಾಶವೇ ಇಲ್ಲ. ನಾನು ಎಡವಿದ್ದು ಅಲ್ಲೇ.

ಬೋಳಾದ ಜಾಗವನ್ನು ಚೌಕಾಕಾರ ಕತ್ತರಿಸಿ ತೆಗೆದೆ, ಅಂಗಡಿಯಿಂದ ತಂದ 35 ಎಂಎಂ ತುಂಡನ್ನು ಅದೇ ಅಳತೆಗೆ ಕತ್ತರಿಸಿ ಕೂರಿಸಿದೆ. ಅಳತೆ ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ ನನಗೇ ಹೆಮ್ಮೆ. ಮಾರನೇ ದಿನ ಬೆಳಗ್ಗೆ ಅಮ್ಮ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದವರು, "ಇದೇನೋ, ಪ್ಯಾಂಟಿನ ಮಂಡಿಗೆ ತೇಪೆ ಹಾಕಿದ ಹಾಗಿದೆ" ಅಂದರು. ನೋಡಿದರೆ ಸುತ್ತ ಕಡುಹಸಿರು, ಮಧ್ಯೆ ಹೊಳೆಯೋ ತಿಳಿಹಸಿರು ಚೌಕ.

ಬಣ್ಣ ಬೇರೆ ಅಂದುಕೊಂಡೆ. ಗೇಟಿನ ಕಡೆಯಿಂದ ನೋಡಿದರೆ ತಲೆಕೆಳಗು, ತೇಪೆಯೇ ಕಪ್ಪು, ಸುತ್ತಲಿನದು ತಿಳಿ! ಈ ಹುಲ್ಲು ನೆಟ್ಟಗೆ ನಿಂತಿರೋದಿಲ್ಲ, ಒಂದು ದಿಕ್ಕಿಗೆ ವಾಲಿರುತ್ತದೆ. ನಮ್ಮದು ಬಾಗಿಲ ಕಡೆಗೆ ವಾಲಿತ್ತು, ನಾನು ಹಾಕಿದ ತುಂಡು ಗೇಟಿನ ಕಡೆಗೆ. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಮ್ಯಾಚ್ ದಿನ ಕಾಣೋ ಕಪ್ಪು-ತಿಳಿ ಪಟ್ಟೆಗಳೂ ಇದೇ ಲೆಕ್ಕ, ಒಂದೇ ಹುಲ್ಲು, ರೋಲರು ಬೇರೆ ಬೇರೆ ದಿಕ್ಕಿಗೆ ಬಾಗಿಸಿದ್ದು ಅಷ್ಟೇ. ವಾಲು ಯಾವ ಕಡೆ ಅಂತ ತಿಳಿಯೋದು ಸುಲಭ. ಕೆಂಚನ ಬೆನ್ನು ಸವರಿದ ಹಾಗೆ ಅಂಗೈ ಆಡಿಸಿ, ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಒರಟು. ಅಷ್ಟು ಮಾಡಿದ್ದರೆ ಸಾಕಿತ್ತು. ಕೀಳಲು ಹೋದೆ, ಬೆನ್ನಿನ ಪದರವೇ ಹರಿದು ಕೈಗೆ ಬಂತು.

ಎರಡನೇ ಸಲ ಅಂಗಡಿಗೆ ಹೋಗಲಿಲ್ಲ. ಕಾಂಪೌಂಡ್ ಗೋಡೆ ಬದಿಯ ಹೂಕುಂಡಗಳನ್ನು ಸರಿಸಿ, ಅವುಗಳ ಕೆಳಗಿನ ಹುಲ್ಲು ಕತ್ತರಿಸಿಕೊಂಡೆ. ನಮ್ಮದೇ ಹುಲ್ಲು, ಬಿಸಿಲಿಗೆ ಅರ್ಧ ಮಾಸಿದ್ದು, ಹಾಗಾಗಿ ಬಣ್ಣ ಹೆಚ್ಚುಕಮ್ಮಿ ಕೂಡಿತು. ಅಪ್ಪಚ್ಚಿಯಾಗಿತ್ತು, ಕಡ್ಡಿಪೊರಕೆಯಲ್ಲಿ ಎದುರು ಗುಡಿಸಿದರೆ ಎದ್ದು ನಿಂತಿತು. ಕತ್ತರಿಸುವಾಗ ಮಗುಚಿ ಬೆನ್ನಿನ ಕಡೆಯಿಂದ, ಹೊಲಿಗೆ ಸಾಲುಗಳ ನಡುವೆ ಬ್ಲೇಡು ಓಡಿಸಿ. ಮೇಲಿಂದ ಕತ್ತರಿಸಿದರೆ ಎಳೆಗಳೇ ತುಂಡಾಗುತ್ತವೆ. ಬೆನ್ನಿನ ಮೇಲೆ ಮಾರ್ಕರಿನಲ್ಲಿ ವಾಲಿನ ದಿಕ್ಕಿಗೆ ದೊಡ್ಡದಾಗಿ ಬಾಣದ ಗುರುತು ಹಾಕಿ. ಕುಂಡದ ಕೆಳಗೆ ಅಂಗಡಿ ತುಂಡಿನ ಉಳಿಕೆ ಹಾಕಿದ್ದೇನೆ, ಅಲ್ಲಿ ಯಾರು ನೋಡ್ತಾರೆ. ಅಂದಹಾಗೆ, ಮೊದಲು ಹಾಸಿದಾಗ ಒಂದಡಿ ಅಗಲದ ಪಟ್ಟಿ ಉಳಿದಿತ್ತು. ಹಾಸಿದವರು ಸುತ್ತಿಕೊಂಡು ಹೋದರು, ನಾನೂ ಸುಮ್ನೆ ನೋಡುತ್ತಾ ನಿಂತೆ. ನೀವು ಕೇಳಿ ಇಟ್ಟುಕೊಳ್ಳಿ, ದುಡ್ಡು ಕೊಟ್ಟಿರೋದು ನೀವೇ.

ತುಂಡಿನ ಸುತ್ತ ಬಿಡದೆ ಅಂಟು ಬಳಿಯಬೇಡಿ. ಸಿಮೆಂಟ್ ನೆಲದಲ್ಲಿ ನೀರು ಹುಲ್ಲಿನ ತೂತಿನಿಂದ ಇಳಿದು ಅಡಿಯಲ್ಲೇ ಹರಿದು ಹೋಗಬೇಕು, ನಾಲ್ಕೂ ಕಡೆ ಕಟ್ಟೆ ಕಟ್ಟಿದರೆ ಕೆಂಚನ ಉಚ್ಚೆ ಅಲ್ಲೇ ನಿಂತು ನಾರುತ್ತದೆ. ನಾನು ನಾಲ್ಕು ಬೆರಳಿಗೊಂದು ಸಂದು ಬಿಟ್ಟೆ. ಅಂಟು ಗಟ್ಟಿಯಾಗಲಿ ಅಂತ ಒಂದು ದಿನ ಕೆಂಚನನ್ನು ಟೆರೇಸಿನಲ್ಲಿ ಕಟ್ಟಿ ಹಾಕಿದೆವು, ಇಡೀ ಬೀದಿಗೆ ಕೇಳುವ ಹಾಗೆ ಗೋಳಾಡಿದ.

ಈಗ ಎಂಟು ತಿಂಗಳಾಯಿತು, ಅಂಚು ಎದ್ದಿಲ್ಲ. ಆದರೆ ನಿಮ್ಮ ಹುಲ್ಲಿನ ಎಳೆಗಳು ಬೆರಳಲ್ಲಿ ಮೆಲ್ಲಗೆ ಎಳೆದರೂ ಕೈಗೆ ಬರುತ್ತಿದ್ದರೆ ಬೆನ್ನಿನ ಪದರ ಹೋಗಿದೆ ಅಂತ ಅರ್ಥ, ಆಗ ತೇಪೆ ಬೇಡ, ಹೊಸದೇ ಹಾಕಿಸಿ. ನನ್ನ ಖರ್ಚು ಅಂಟಿಗೆ 260, ದಂಡವಾದ ತುಂಡಿಗೆ 300, ಟೇಪಿನದು ಕೇಳಬೇಡಿ. ಮಿಕ್ಕ ಅಂಟು ಡಬ್ಬಿಯಲ್ಲೇ ಗಟ್ಟಿಯಾಯಿತು, ಚಿಕ್ಕ ಡಬ್ಬಿಯನ್ನೇ ತಗೊಳ್ಳಿ.